ಕಂಬಿ ಹಿಡಿಯದ ಕಂಡಕ್ಟರು

ಬಚ್ಚಲುಮನೆಗೊಂದು ಸ್ಟೀಲ್ ಕಂಬಿ ಹಾಕಿಸುವ ಎಂದು ಹೆಂಡತಿ ಅಮ್ಮಣಿ ಹೇಳಿದ್ದೇ ತಡ, ರುಕ್ಮಯ್ಯನವರ ಸ್ವಾಭಿಮಾನ ಸೊಂಟ ಹಿಡಿದುಕೊಂಡು ಕೂತಿತು.

"ಕಂಬಿ ಹಿಡಿಯುವುದು ಪ್ಯಾಸೆಂಜರ್‌ಗಳು! ನಾನು ಕಂಡಕ್ಟರ್ ಮಾರಾಯ್ತಿ!"

ಮಾತು ಸುಳ್ಳಲ್ಲ. ರಿಟೈರ್ ಆಗುವವರೆಗೂ ಮೂಡುಬಿದಿರೆ ಬಸ್ಸಿನಲ್ಲಿ "ರೈಟ್, ಪೋಯಿ!" ಎಂದು ಬಸ್ಸು ಹೊರಡಿಸುತ್ತ, ಎರಡೂ ಕೈಗಳನ್ನು ಟಿಕೆಟಿಗೆ, ಚಿಲ್ಲರೆಗೆ ಮೀಸಲಿಟ್ಟು, ತಿರುವುಗಳಲ್ಲೂ ಧ್ವಜಸ್ತಂಭದಂತೆ ನಿಂತವರು. (ಡ್ರೈವರ್ ಉಮ್ಮರ್ ಬ್ರೇಕ್ ಹಾಕಿದರೆ ಅಲುಗದೆ ಉಳಿಯುತ್ತಿದ್ದದ್ದು ಅವರು ಮತ್ತು ಎಂಜಿನ್ ಮಾತ್ರ.) ಆದರೆ ಮೊನ್ನೆ ಬಚ್ಚಲಲ್ಲಿ ಜಾರಿ, ನೀರಿನ ಹಂಡೆಯನ್ನು ತಬ್ಬಿಕೊಂಡು ಪಾರಾದದ್ದನ್ನು ಅಮ್ಮಣಿ ಕಂಡಿದ್ದರು. ಅಮ್ಮಣಿಯವರ ಅಕ್ಕ ಹಾಗೆಯೇ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಮತ್ತೆ ಎದ್ದು ನಡೆದಿರಲಿಲ್ಲ.

"ಹಾಗಾದ್ರೆ ಮಂಗಳವಾರ ನನ್ನೊಟ್ಟಿಗೆ ಸಮುದಾಯ ಭವನಕ್ಕಾದ್ರೂ ಬನ್ನಿ. ವಯಸ್ಸಾದವರು ಬೀಳದ ಹಾಗೆ ನಡೆಯುವುದನ್ನು ಸಜ್ನಾ ಟೀಚರ್ ಹೇಳಿಕೊಡ್ತಾರೆ."

"ನಡೀಲಿಕ್ಕೂ ಕ್ಲಾಸಾ? ನಾಳೆ ಉಸಿರಾಡ್ಲಿಕ್ಕೆ ಟ್ಯೂಷನ್ ಉಂಟಾ?"

"ನಾನು ಒಂದು ಕಾಲಲ್ಲಿ ನಿಲ್ತೇನೆ. ನೀವು ನಿಲ್ಲಿ ನೋಡುವ."

ರುಕ್ಮಯ್ಯನವರಿಗೆ ತುರ್ತಾಗಿ ಪೇಪರ್ ಓದಲಿಕ್ಕಿತ್ತು.

ಮಂಗಳವಾರ ಮಳೆ ಹಿಡಿಯಿತು. ಕೊಡೆ ಮರೆತುಹೋದ ಹೆಂಡತಿಯನ್ನು ಕರೆತರಲು ಅವರು ಪುಂಜಾಲಕಟ್ಟೆಯ ಭವನಕ್ಕೆ ಹೋದರು. ಮುಂಡನ್ನು ಮೊಣಕಾಲ ಮೇಲೆ ಮಡಚಿ ಕಟ್ಟಿ ಮೆಟ್ಟಿಲು ಹತ್ತುತ್ತಿರುವಾಗ ಎದುರಿಗೆ ಅಮ್ಮಣಿ, ಅವರ ಹಿಂದೆ ಸಜ್ನಾ ಟೀಚರ್. ಟೀಚರ್ ಎಂದ ಮೇಲೆ ಮರ್ಯಾದೆ ಬೇಡವೇ? ಮರ್ಯಾದಸ್ಥರು ಎದುರಾದರೆ ಎತ್ತಿ ಕಟ್ಟಿದ ಮುಂಡನ್ನು ಕೆಳಗೆ ಬಿಡುವುದು ನಮ್ಮ ಕಡೆಯ ಗಂಡಸರಿಗೆ ರಕ್ತದಲ್ಲೇ ಬಂದದ್ದು. ರುಕ್ಮಯ್ಯ ಬಿಟ್ಟರು. ಮುಂಡು ಮೆಟ್ಟಿಲಿಗೆ ಇಳಿಯಿತು, ಕಾಲು ಮುಂಡಿನ ಮೇಲೇರಿತು, ಮರ್ಯಾದೆ ಮುಗ್ಗರಿಸಿತು.

ಅಮ್ಮಣಿ ತಟ್ಟನೆ ಒಂದು ಕಾಲು ಹಿಂದಿಟ್ಟು, ಮೊಣಕಾಲು ಬಗ್ಗಿಸಿ, ಒಂದು ಕೈಯಲ್ಲಿ ಮೆಟ್ಟಿಲ ಕಂಬಿಯನ್ನೂ ಇನ್ನೊಂದರಲ್ಲಿ ಗಂಡನನ್ನೂ ಹಿಡಿದು ನಿಂತೇಬಿಟ್ಟರು!

"ಅಮ್ಮಣಿಯಕ್ಕಾ, ಮೊಣಕಾಲು ಬಗ್ಗಿಸಿದ್ದು ಫಸ್ಟ್ ಕ್ಲಾಸ್!" ಎಂದರು ಟೀಚರ್. (ಗಂಡನ ಮೊಣಕಾಲನ್ನು ವಿಚಾರಿಸಿದವರಿಲ್ಲ.)

ಬಾಗಿಲಲ್ಲಿ ನಿಂತಿದ್ದ ಕ್ಲಾಸಿನ ವಿದ್ಯಾರ್ಥಿಗಳ ನಡುವಿನಿಂದ ಪರಿಚಯದ ಸ್ವರವೊಂದು ಬಂತು. ಸಾಕ್ಷಾತ್ ಉಮ್ಮರ್! "ಎಂತ ರುಕ್ಮಯ್ಯಣ್ಣ, ನಾನು ಬ್ರೇಕೇ ಹಾಕ್ಲಿಲ್ಲವಲ್ಲ!"

ಅಮ್ಮಣಿ ಮಾತ್ರ ನಗಲಿಲ್ಲ. ಗಂಡನ ಕೈ, ಕಾಲು, ಸೊಂಟ ಎಲ್ಲ ಮುಟ್ಟಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಉದ್ದಕ್ಕೆ ಉಸಿರು ಬಿಟ್ಟರು. ಹಿಡಿದ ತೋಳನ್ನು ಆಗಲೂ ಬಿಡಲಿಲ್ಲ.

"ಆ ಬಚ್ಚಲಿನ ಕಂಬಿ... ಹಾಕಿಸುವ," ಎಂದರು ರುಕ್ಮಯ್ಯ ಮೆಲ್ಲಗೆ.

ಕಂಬಿ ಬಂತು. ಮೊದಲ ದಿನ ಸ್ನಾನಕ್ಕಿಳಿದ ರುಕ್ಮಯ್ಯ, ಬಾಗಿಲು ಭದ್ರವಾಗಿದೆಯೆಂದು ನೋಡಿಕೊಂಡು, ಎರಡೂ ಕೈಗಳಿಂದ ಅದನ್ನು ಗಟ್ಟಿಯಾಗಿ ಹಿಡಿದರು. ಆಹಾ, ಈ ಪ್ಯಾಸೆಂಜರ್‌ಗಳು ಇಷ್ಟು ವರ್ಷ ಎಂಥ ಸುಖ ಅನುಭವಿಸಿದ್ದಾರೆ!

ಹೊರಗಿನಿಂದ ಅಮ್ಮಣಿ ಕೂಗಿದರು:

"ಹಿಡ್ಕೊಂಡ್ರಾ? ಹಾಗಾದ್ರೆ ರೈಟ್, ಪೋಯಿ!"