ಯುರೇನಿಯಂ ಉಂಡೆಯ ಅರ್ಧಾಯುಷ್ಯ

ಯುರೇನಿಯಂ ಒಂದು ಲೋಹ. ಸೇಬಿನಷ್ಟು ಗಾತ್ರದ ಉಂಡೆ ಐದು ಕಿಲೋ ತೂಗುತ್ತದೆ. ಅದು ತಾನಾಗಿ ಸವೆದು ಅರ್ಧಕ್ಕಿಳಿಯಲು ನಾನೂರೈವತ್ತು ಕೋಟಿ ವರ್ಷ ಬೇಕು. ಇದನ್ನು ಅರ್ಧಾಯುಷ್ಯ ಎನ್ನುತ್ತಾರೆ.

ಕಜಾಕಸ್ತಾನದ ಗಣಿ ಕಚೇರಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಸೈತ್ಕಾಲಿಗೆ ಈ ಗುಣಗಳಿಂದ ಮೂವತ್ತೊಂದು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ. ಮಾದರಿಗೆಂದು ಬಂದ ಉಂಡೆ ಸೀಸದ ಡಬ್ಬಿಯಲ್ಲಿ ಕೂತಿತ್ತು. ದಾಖಲೆಯ 'ಉಪಯೋಗ' ಕಾಲಂನಲ್ಲಿ ಅವನು ಪ್ರತಿವರ್ಷ ಪ್ರಾಮಾಣಿಕವಾಗಿ "ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವುದು" ಎಂದು ಬರೆಯುತ್ತಿದ್ದ.

ತೊಂದರೆ ಬಂದದ್ದು ನಿವೃತ್ತಿಯ ದಿನ. ಹೆಂಡತಿ ಕುಲ್ಯಾಶ್ ಗುಡಾರದ ಕಂಬಳಿ, ಕೋಲು, ಚಹಾ ಕಾಯಿಸುವ ಸಮೋವರ್ ಎಲ್ಲವನ್ನೂ ಲಾರಿಗೆ ಹೇರಿಸಿ ಗೇಟಿನ ಹೊರಗೆ ಕಾಯುತ್ತಿದ್ದಳು. ಬೇಸಿಗೆಯ ಹುಲ್ಲುಗಾವಲಲ್ಲಿ ಅವರ ಹನ್ನೊಂದು ಹೆಣ್ಣುಗುದುರೆಗಳು ಹಾಲು ಕರೆಯುವವರಿಗಾಗಿ ಕಾಯುತ್ತಿದ್ದವು.

"ಅಣ್ಣಾ, ಒಂದು ಸಣ್ಣ ತೊಡಕು," ಎಂದ ಮುಖ್ಯಾಧಿಕಾರಿ ಎರ್ಮೆಕ್. "ನಿಯಮ ಹದಿನಾಲ್ಕು: 'ಉಗ್ರಾಣದ ಯಾವುದೇ ವಸ್ತುವನ್ನು ಅದರ ಅರ್ಧಾಯುಷ್ಯ ಮುಗಿಯುವ ಮುನ್ನ ಮತ್ತೊಬ್ಬರ ವಶಕ್ಕೆ ಒಪ್ಪಿಸತಕ್ಕದ್ದಲ್ಲ.' ನಿಮ್ಮ ಸಲಿಕೆ, ಕುರ್ಚಿ ಎಲ್ಲಾ ಅರ್ಧ ಸವೆದಿವೆ, ಸರಿಹೋಯ್ತು. ಉಂಡೆ ಮಾತ್ರ ಇನ್ನೂ ಹೊಸದು."

"ಎಷ್ಟು ಕಾಯ್ಬೇಕಪ್ಪಾ?"

"ನಾನೂರೈವತ್ತು ಕೋಟಿ ವರ್ಷ. ಅದ್ರಲ್ಲಿ ನೀವು ಕಾದ ಮೂವತ್ತೊಂದು ಕಳೀತೀವಿ. ಅನ್ಯಾಯ ಮಾಡೋದಿಲ್ಲ."

ಸೈತ್ಕಾಲಿ ಮಂಡಿ ಸವರಿಕೊಂಡ. "ಅಷ್ಟು ದಿನ ನಾನಿರಲ್ಲ ತಮ್ಮಾ. ಈಗ್ಲೇ ಮಂಡಿನೋವು."

"ಅದಕ್ಕೆ ವೈದ್ಯಕೀಯ ರಜೆ ಇದೆ," ಎಂದು ಎರ್ಮೆಕ್ ಸಮಾಧಾನ ಹೇಳಿದ.

ಸೇವೆ ವಿಸ್ತರಿಸಿದ ಆದೇಶ ಸಂಜೆಯೊಳಗೆ ಗೋಡೆಗೆ ಅಂಟಿತು. ಕುಲ್ಯಾಶ್ ಬಿರುಗಾಳಿಯಂತೆ ಒಳನುಗ್ಗಿದಳು. "ಕುದುರೆ ಹಾಲು ಯಾರು ಕರೀಬೇಕು, ನಿನ್ನ ನಿಯಮ ಹದಿನಾಲ್ಕಾ?" ಎಂದು ಎರ್ಮೆಕ್‌ನ ಮೇಜು ಗುದ್ದಿದಳು. ಅವನು ಎದ್ದು ನಿಂತು ಆದೇಶದ ಪ್ರತಿ ಕೊಟ್ಟ. ಮೊಹರು ಮೂರಿದ್ದವು. ಅವನ್ನು ಕಂಡು ಅವಳ ದನಿ ತಗ್ಗಿತು.

"ಭಾನುವಾರ ರಜೆನಾ?"

"ಆದೇಶದಲ್ಲಿ ಹೇಳಿಲ್ಲ ಅತ್ತಿಗೆ. ರಾಜಧಾನಿಗೆ ಬರೆದು ಕೇಳಿದೀವಿ."

ಲಾರಿ ಗೇಟಿನೊಳಕ್ಕೆ ಬಂತು. ಉಗ್ರಾಣದ ಪಕ್ಕ ಗುಡಾರ ಎದ್ದಿತು. ವಾರದೊಳಗೆ ಕುದುರೆಗಳೂ ಬಂದು ಕಚೇರಿಯ ಹೂದೋಟ ಮೇಯತೊಡಗಿದವು. ಸಿಬ್ಬಂದಿಗೆ ಹನ್ನೊಂದು ಗಂಟೆಗೆ ಹುಳಿಹಾಲಿನ ಕುಮಿಸ್ ಸಿಗುವಂತಾಗಿ ಹಾಜರಾತಿ ಸುಧಾರಿಸಿತು.

ತಕರಾರು ತೆಗೆದವನು ಸಹಾಯಕ ತುರ್ಸುನ್ ಒಬ್ಬನೇ. ಸೈತ್ಕಾಲಿಯ ಹುದ್ದೆಗಾಗಿ ಅವನು ಹದಿನೈದು ವರ್ಷ ಕಾದಿದ್ದ. ಕಚೇರಿ ಅವನ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಹುದ್ದೆ ತೆರವಾದ ಕೂಡಲೇ ಮೊದಲ ಹಕ್ಕು ಇವರದೇ ಎಂದು ಲಿಖಿತವಾಗಿ ತಿಳಿಸಿತು. ತುರ್ಸುನ್ ಆ ಪತ್ರವನ್ನು ಎರಡು ಸಲ ಓದಿ, ಚೌಕಟ್ಟು ಹಾಕಿಸಿ, ಕಚೇರಿಗೆಲ್ಲ ಬಿಸಿಬಿಸಿ ಬೌರ್ಸಾಕ್ ಎಂಬ ಹಿಟ್ಟಿನುಂಡೆ ಕರಿಸಿ ಹಂಚಿದ.

ಸೈತ್ಕಾಲಿ ತಾನೇ ಎದ್ದು ಹೋಗಿ ಅವನ ಬೆನ್ನು ತಟ್ಟಿದ. "ತಾಳಿದವನು ಬಾಳಿಯಾನು ಕಣೋ."