ಕಲ್ಲಿದ್ದಲಿನ ಶಾಖ, ಹೆಚ್ಚುಕಡಿಮೆ

ನಗಬಾರದ ಹೊತ್ತಿನಲ್ಲೇ ನಗುವಂಥದ್ದು ನಡೆಯುವುದು ನಮ್ಮ ಲ್ಯಾಬಿನ ರೂಢಿ. ಆಗ ನಾನೊಬ್ಬ ಮಾತ್ರ ನಗುವುದಿಲ್ಲ.

ಹೊಸಪೇಟೆಯಲ್ಲಿ ನಮ್ಮದು ಇಂಧನ ಪರೀಕ್ಷಿಸುವ ಸಣ್ಣ ಲ್ಯಾಬು. ಸಂಡೂರು ಕಡೆಯ ಕಾರ್ಖಾನೆಗಳಿಂದ ಕಲ್ಲಿದ್ದಲು, ಕಂಪ್ಲಿ ಕಡೆಯ ಗಿರಣಿಗಳಿಂದ ಭತ್ತದ ಹೊಟ್ಟು ಬರುತ್ತದೆ. ಒಂದು ಗ್ರಾಂ ತೂಗಿ, ಆಮ್ಲಜನಕ ತುಂಬಿದ ಉಕ್ಕಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ ಸುಡುತ್ತೇವೆ. ನೀರು ಎಷ್ಟು ಬಿಸಿಯಾಯಿತೆಂದು ನೋಡಿ, ಶಾಖ ಇಷ್ಟು ಎಂದು ಬರೆದುಕೊಡುತ್ತೇವೆ. ಇಷ್ಟು ವರ್ಷ ಅಷ್ಟೇ ಸಾಕಾಗಿತ್ತು. ಈ ಸಲ ಮಾನ್ಯತೆ ನವೀಕರಿಸಲು ಬರುವ ತಪಾಸಣಾಧಿಕಾರಿ, ಆ ಅಂಕಿ ಎಷ್ಟು ಹೆಚ್ಚುಕಡಿಮೆ ಆಗಬಹುದು, ಯಾವ ಯಾವ ಕಾರಣಕ್ಕೆ ಆಗಬಹುದು ಎಂಬುದನ್ನೂ ಲೆಕ್ಕ ಹಾಕಿಡಿ ಎಂದು ಮೊದಲೇ ಪತ್ರ ಬರೆದು ತಿಳಿಸಿದ್ದರು. ಲೆಕ್ಕ ಸರಿಯಿಲ್ಲದಿದ್ದರೆ ಮಾನ್ಯತೆ ಹೋಗುತ್ತದೆ. ಮಾನ್ಯತೆ ಇಲ್ಲದ ಲ್ಯಾಬಿನ ರಿಪೋರ್ಟನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಲ್ಯಾಬಿನ ಮುಖ್ಯಸ್ಥ ನಾನು. ಪತ್ರ ಬಂದ ದಿನದಿಂದ ನನಗೆ ಊಟ ಸೇರಲಿಲ್ಲ.

ಮಾಲೀಕರ ಅರ್ಧ ತಾಸು

ಮೊದಲು ಮಾಲೀಕರನ್ನು ಒಪ್ಪಿಸಬೇಕಿತ್ತು. ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಎಂದು ಬರೆದರೆ ನಮಗೇ ಗೊತ್ತಿಲ್ಲ ಅಂತ ಗಿರಾಕಿಗಳು ಅಂದುಕೊಳ್ಳುತ್ತಾರೆ ಎಂಬುದು ಅವರ ವಾದ.

“ಅನುಮಾನ ಇದ್ರ ಇನ್ನೊಮ್ಮೆ ಸುಡ್ರಿ. ಬರದು ಯಾಕ ಊರಿಗೆಲ್ಲ ಹೇಳ್ತೀರಿ?”

ಇಲ್ಲಿಂದ ಹಂಪಿಗೆ ಎಷ್ಟು ಹೊತ್ತು ಎಂದರೆ ಅರ್ಧ ತಾಸು, ಹತ್ತು ನಿಮಿಷ ಆಚೀಚೆ ಅನ್ನುವುದಿಲ್ಲವೇ, ಇದೂ ಹಾಗೆಯೇ ಎಂದೆ. ಆಚೀಚೆ ಆಗುವುದು ಆಟೋದವರಿಗೆ, ತಮ್ಮ ಕಾರಿನಲ್ಲಿ ಸರಿಯಾಗಿ ಅರ್ಧ ತಾಸು ಎಂದರು.

ಮರುದಿನ ನೆಂಟರನ್ನು ಹಂಪಿ ಬಜಾರಿಗೆ ಬಿಡಲು ಹೋದವರು, ಹೊರಟಿದ್ದೇನೆ, ಅರ್ಧ ತಾಸಿನಲ್ಲಿ ಲ್ಯಾಬಿಗೆ ಬರುತ್ತೇನೆ ಎಂದು ಫೋನ್ ಮಾಡಿದರು. ಅವರ ಒಪ್ಪಿಗೆ ಬೇಕಿದ್ದ ಕಾಗದ ಹಿಡಿದುಕೊಂಡು ಎರಡು ತಾಸು ಕಾದೆ. ಬಂದವರು ನನ್ನ ಮುಖ ನೋಡದೆ ಕುರ್ಚಿಯಲ್ಲಿ ಕೂತರು.

“ಏನರ ಬರ್ಕೋರಿ. ಆದ್ರ ಸಣ್ಣ ಅಕ್ಷರದಾಗ ಬರೀರಿ.”

ಹೊಲದ ಸೀರೆ

ಯಂತ್ರದ ತಪ್ಪಿಗಿಂತ ತಂದುಕೊಡುವ ಮಾದರಿಯ ತಪ್ಪು ದೊಡ್ಡದು. ಎಮ್ಮಿಗನೂರು ಕಡೆಯ ಅಕ್ಕಿ ಗಿರಣಿಯ ಯಜಮಾನರೊಬ್ಬರು ಬಿಳಿ ಬಟ್ಟೆಯ ಚೀಲದಲ್ಲಿ ಹೊಟ್ಟು ತಂದರು. ಒಂದು ಚೂರು ದೂಳಿಲ್ಲ, ಹಸಿಯಿಲ್ಲ. ಲಾರಿಗೆ ತುಂಬುವ ಹೊಟ್ಟು ಇಷ್ಟು ಚೆಂದ ಇರಲು ಸಾಧ್ಯವೇ ಇಲ್ಲ. ಕೇಳಿದರೆ, ಮಾಳಿಗೆಯ ಮೇಲೆ ಎರಡು ದಿನ ಒಣಗಿಸಿ, ಹೆಂಡತಿಯಿಂದ ಕೇರಿಸಿ ತಂದಿದ್ದರು. ಹಾಗೆ ತರಬಾರದು, ರಾಶಿಯ ಹತ್ತು ಕಡೆಯಿಂದ ತೆಗೆಯಬೇಕು ಎಂದೆ.

“ಸಾಹೇಬ್ರ, ಹೆಣ್ಣು ನೋಡಾಕ ಬಂದಾಗ ಹುಡುಗೀಗೆ ಹೊಲದ ಸೀರಿ ಉಡಿಸಿ ಕುಂದ್ರಸ್ತಾರೇನ್ರಿ?”

ನಮಗೆ ಬೇಕಾದದ್ದು ಹೊಲದ ಸೀರೆಯೇ ಎಂದು ಕೈಮುಗಿದು ಕಳಿಸಿದೆ. ಮೂರನೆಯ ದಿನ ಹತ್ತು ಚೀಲ ಹೊತ್ತು ತಂದರು. ನಾನು ಹೇಳಿದಂತೆ ರಾಶಿಯ ಹತ್ತು ಕಡೆಯಿಂದಲೇ ತೆಗೆದಿದ್ದರು. ಹತ್ತನ್ನೂ ಮಾಳಿಗೆಯ ಮೇಲೆ ಒಣಗಿಸಿದ್ದರು.

ಬಾಗಿಲು

ಕೊನೆಗೆ ಉಳಿದದ್ದು ನಮ್ಮದೇ ಯಂತ್ರ. ಒಂದೇ ಕಲ್ಲಿದ್ದಲನ್ನು ಹತ್ತು ಸಲ ಸುಟ್ಟು, ಅಂಕಿಗಳು ಎಷ್ಟು ಹತ್ತಿರ ಹತ್ತಿರ ಬರುತ್ತವೆಂದು ನೋಡಬೇಕು. ಸುಡುವವರು ನಮ್ಮ ಟೆಕ್ನಿಷಿಯನ್ ಮೇಡಂ, ಮಾತು ಕಡಿಮೆ. ಅಂಕಿಗಳು ಒಂದು ಅಲ್ಲಿ, ಒಂದು ಇಲ್ಲಿ. ನನಗೆ ಜೀವ ಹಾರಿಹೋಯಿತು. ಐದೈದು ನಿಮಿಷಕ್ಕೆ ಬಾಗಿಲು ತೆಗೆದು “ಎಷ್ಟು ಬಂತು?” ಎಂದು ಕೇಳಿದೆ. ಕೇಳಿದಷ್ಟೂ ಅಂಕಿ ಕೆಟ್ಟಿತು. ಕೆಟ್ಟಷ್ಟೂ ಕೇಳಿದೆ. ಕಾರಣಗಳ ಪಟ್ಟಿಯನ್ನು ನಾನೇ ಮುಗಿಸುತ್ತೇನೆ, ನೀವು ಹೋಗಿ ಊಟ ಮಾಡಿ ಎಂದು ಮೇಡಂ ನನ್ನನ್ನು ಹೊರಗೆ ಕಳಿಸಿದರು.

ಪಟ್ಟಿ ನನ್ನ ಕೈಗೆ ಬಂದಾಗ ಅಧಿಕಾರಿಯ ಕಾರು ಗೇಟಿನಲ್ಲಿತ್ತು. ಜೀವಮಾನದಲ್ಲಿ ಓದದೆ ಸಹಿ ಹಾಕಿದ್ದು ಅದೊಂದಕ್ಕೇ.

ಅಧಿಕಾರಿ ಓದುತ್ತ ಹೋದರು. ತಕ್ಕಡಿ, ಥರ್ಮಾಮೀಟರ್, ಹೊತ್ತಿಸುವ ತಂತಿ, ಇಂಧನದ ತೇವ. ಆಮೇಲೆ ಓದು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“‘ಸರ್ ಬಾಗಿಲು ತೆಗೆಯುವುದು.’ ಇದೇನ್ರಿ?”

ಮಾನ್ಯತೆ ಹೋಯಿತು ಎಂದುಕೊಂಡೆ. ಮೇಡಂ ಮಾತ್ರ ಎರಡು ಹಾಳೆ ಮುಂದಿಟ್ಟರು. ಒಂದರಲ್ಲಿ ನಾನು ಲ್ಯಾಬಿನಲ್ಲಿದ್ದ ದಿನದ ಹತ್ತು ಅಂಕಿ. ಇನ್ನೊಂದರಲ್ಲಿ, ನಾನು ಸಂಡೂರಿಗೆ ಹೋಗಿದ್ದ ದಿನದ ಹತ್ತು ಅಂಕಿ. ಆ ಹತ್ತೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಏಸಿ ಹಾಕಿದ ಕೋಣೆ ಅದು. ನಾನು ಬಾಗಿಲು ತೆಗೆದಾಗಲೆಲ್ಲ ಹೊಸಪೇಟೆಯ ಬಿಸಿಲು ನನ್ನ ಜೊತೆಗೇ ಒಳಗೆ ಬಂದು ನೀರಿನ ಲೆಕ್ಕ ಕೆಡಿಸುತ್ತಿತ್ತು. ಪಟ್ಟಿಯಲ್ಲಿದ್ದ ಕಾರಣಗಳಲ್ಲೆಲ್ಲ ದೊಡ್ಡವನು ನಾನೇ.

“ಇಷ್ಟು ಪ್ರಾಮಾಣಿಕ ಪಟ್ಟಿ ನಾ ಎಲ್ಲೂ ನೋಡಿಲ್ರಿ” ಎಂದು ಅಧಿಕಾರಿ ಮಾನ್ಯತೆ ಮುಂದುವರಿಸಿದರು. ಒಂದೇ ಷರತ್ತು: ಪರೀಕ್ಷೆ ನಡೆಯುವಾಗ ಮುಖ್ಯಸ್ಥರಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕಬೇಕು. ಮಾಲೀಕರು ಅವತ್ತೇ ಬರೆಸಿ ಹಾಕಿಸಿದರು. ಈ ಸಲ ದೊಡ್ಡ ಅಕ್ಷರದಲ್ಲಿ.

ನನಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಮರುದಿನ ಬೋರ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಒಳಗೆ ಪರೀಕ್ಷೆ ಶುರುವಾಗಿತ್ತು. ಹತ್ತು ನಿಮಿಷ ತಡೆದುಕೊಂಡೆ. ಬೋರ್ಡಿನಿಂದ ನಿಜಕ್ಕೂ ಉಪಯೋಗ ಆಗುತ್ತಿದೆಯೋ ಇಲ್ಲವೋ ಎಂಬ ಚಿಂತೆ ಹತ್ತಿತು. ಮೆಲ್ಲಗೆ ಬಾಗಿಲು ತೆಗೆದು, ಅಂಕಿ ಸರಿ ಬರುತ್ತಿವೆಯಾ ಎಂದು ಕೇಳಿದೆ.

ಮೇಡಂ ತಿರುಗಿ ನೋಡಲಿಲ್ಲ.

“ಈಗಿನ ತನಕ ಬರ್ತಿದ್ವು, ಸರ್.”