ನನ್ನ ಎರಡನೇ ವೋಟು

ನಾನು ಏನಾದರೂ ಹೊಸದಾಗಿ ಓದಿದಾಗಲೆಲ್ಲ ನನಗೆ ಪೆಟ್ಟು ಬೀಳುತ್ತದೆ. ಇದು ಮೊದಲಿನಿಂದ ಇದ್ದದ್ದೇ. ಲಾಕ್‌ಡೌನ್ ಬಂದು, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ ಎಂದಾದ ಮೇಲೆ ಓದುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಹಾಗಾಗಿ ಪೆಟ್ಟುಗಳೂ ಬೇಗಬೇಗ ಬಿದ್ದವು.

೧. ಉಪನ್ಯಾಸ

ನಾವು ನೆಲೆಸಿದ ಪರದೇಶದ ಊರು ಕ್ಲಾಂಡಾಲ್ಕಿನ್‌ನ ಸುತ್ತಮುತ್ತಲ ಕನ್ನಡದವರು ಭಾನುವಾರ ವಿಡಿಯೊ ಕಾಲ್‌ನಲ್ಲಿ ಸೇರುತ್ತಿದ್ದೆವು. ಒಂದು ವಾರ ನಾನು ಅಮೆರಿಕದ ಮೊದಮೊದಲ ಅಧ್ಯಕ್ಷರ ಚುನಾವಣೆಗಳ ಬಗ್ಗೆ ಮಾತಾಡಿದೆ. ಮೊದಲನೆಯವರಿಗೆ ಪಕ್ಷವೂ ಇರಲಿಲ್ಲ, ಎದುರಾಳಿಯೂ ಇರಲಿಲ್ಲ. ಹೋಗುವಾಗ ಪಕ್ಷ ಕಟ್ಟಿಕೊಂಡು ಕೆಡಬೇಡಿ ಎಂದು ಬುದ್ಧಿ ಹೇಳಿಯೇ ಹೋದರು, ಯಾರೂ ಕೇಳಲಿಲ್ಲ, ಹೀಗೆ ನಲವತ್ತು ನಿಮಿಷ. ಒಬ್ಬರೂ ಕಾಲ್ ಕಟ್ ಮಾಡಲಿಲ್ಲ.

"ಪ್ರಶ್ನೆಗಳಿದ್ದರೆ ಕೇಳಿ" ಎಂದೆ.

ಒಬ್ಬಾಕೆ ತಕ್ಷಣ ಕೈಯೆತ್ತಿದರು. "ಸರ್, ನಿಮ್ ಮಿಸೆಸ್ ಮಾಡ್ಕೊಡೋ ಸಾರಿನಪುಡಿಗೆ ಆರ್ಡರ್ ಲಿಸ್ಟ್ ಯಾವಾಗ ಬರ್ಕೋತಾರೆ? ಅದಕ್ಕೇ ಎಲ್ರೂ ಕಾಯ್ತಿದೀವಿ."

೨. ಪಕ್ಷಗಳು ಹುಟ್ಟಿದ್ದು

ಬಳಗಕ್ಕೊಬ್ಬ ಅಧ್ಯಕ್ಷ ಬೇಕೆಂಬ ಮಾತು ಬಂತು. ಸುಳ್ಳೇಕೆ, ಆ ಕುರ್ಚಿಯ ಮೇಲೆ ನನಗೆ ಕಣ್ಣಿತ್ತು. ಜೀವಮಾನದಲ್ಲಿ ಕ್ಲಾಸ್ ಲೀಡರ್ ಕೂಡ ಆದವನಲ್ಲ ನಾನು.

"ನಮ್ಮಲ್ಲಿ ಪಕ್ಷ ಬೇಡ" ಎಂದು ಗಂಭೀರವಾಗಿ ಸಾರಿದೆ. "ಮೀಟಿಂಗ್ ಮಾತ್ರ ಬೆಳಗ್ಗೆ ಹನ್ನೊಂದಕ್ಕೇ ಇರಲಿ."

ಹುಬ್ಬಳ್ಳಿ ಕಡೆಯ ಸಾಹೇಬರು, ಇಲ್ಲಿ ಕಿರಾಣಿ ಅಂಗಡಿ ಇಟ್ಟ ಹಿರಿಯರು, ಮೆಲ್ಲಗೆ ಹೇಳಿದರು. "ಮುಂಜಾನೆ ಅಂಗಡಿ ಇರ್ತೈತ್ರೀ. ಸಂಜಿಕ ಇಡ್ರಲ್ಲ."

ಹತ್ತೇ ನಿಮಿಷದಲ್ಲಿ ಬೆಳಗಿನ ಪಕ್ಷ, ಸಂಜೆ ಪಕ್ಷ ಎರಡೂ ತಯಾರು. ಸಂಜೆಯವರು ಸಾಹೇಬರನ್ನು ನಿಲ್ಲಿಸಿದರು. ಬೆಳಗಿನ ಪಕ್ಷದಿಂದ ನಾನು, ಜೊತೆಗೆ ಉಪಾಧ್ಯಕ್ಷೆಯಾಗಲಿ ಎಂದು ನನ್ನ ಹೆಂಡತಿ. ಸಾರಿನಪುಡಿಯ ವೋಟು ನನಗೂ ಬೀಳಲಿ ಎಂಬ ಲೆಕ್ಕಾಚಾರ. ಅಮೆರಿಕದವರಿಗೆ ಇಷ್ಟಾಗಲು ವರ್ಷಗಳೇ ಹಿಡಿದಿದ್ದವು.

೩. ಎಣಿಕೆ

ಅಮೆರಿಕದ ಹಳೇ ನಿಯಮವನ್ನೇ ಇಟ್ಟುಕೊಳ್ಳೋಣ ಎಂದವನೂ ನಾನೇ. ಒಬ್ಬೊಬ್ಬರಿಗೆ ಎರಡು ವೋಟು, ಇಬ್ಬರು ಬೇರೆಬೇರೆಯವರಿಗೆ ಹಾಕಬೇಕು. ಹೆಚ್ಚು ಬಂದವರು ಅಧ್ಯಕ್ಷರು, ಎರಡನೆಯವರು ಉಪಾಧ್ಯಕ್ಷರು.

"ಆ ನಿಯಮಾನ ಅವ್ರು ಯಾಕೆ ಬಿಟ್ರು?" ಎಂದಳು ಹೆಂಡತಿ.

"ಅವರಿಗೆ ನಡೆಸೋಕೆ ಬರಲಿಲ್ಲ" ಎಂದೆ.

ನಿಜವೇನೆಂದರೆ, ಒಮ್ಮೆ ಒಂದೇ ಪಕ್ಷದ ಇಬ್ಬರಿಗೂ ಸಮಸಮ ವೋಟು ಬಿದ್ದು ಫಜೀತಿಯಾಗಿತ್ತು. ಆ ಪಕ್ಷದವರಲ್ಲಿ ಒಬ್ಬನಾದರೂ ಎರಡನೇ ವೋಟನ್ನು ಬೇರೆಯವರಿಗೆ ಹಾಕಬೇಕಿತ್ತು, ಯಾರೂ ಹಾಕಿರಲಿಲ್ಲ. ನಾನು ಅವರಿಗಿಂತ ಬುದ್ಧಿವಂತನಲ್ಲವೇ? ಮೊದಲ ವೋಟು ನನಗೆ ಹಾಕಿಕೊಂಡೆ. ಹೆಂಡತಿ ನನಗೆ ಸಮನಾಗದಿರಲಿ ಎಂದು ಎರಡನೆಯದನ್ನು ಅವಳಿಗೆ ತಪ್ಪಿಸಿ, ಗುಟ್ಟಾಗಿ ಸಾಹೇಬರಿಗೆ ಹಾಕಿದೆ. ಜಾಕೆಟ್ ಇಸ್ತ್ರಿ ಮಾಡಿ, ವಂದನಾರ್ಪಣೆ ಬರೆದಿಟ್ಟು ಕೂತೆ.

ಹೆಸರಿಲ್ಲದೆ ಆನ್‌ಲೈನ್‌ನಲ್ಲಿ ಬಂದ ವೋಟುಗಳನ್ನು ಇಲ್ಲೇ ಹುಟ್ಟಿ ಬೆಳೆದ ಮಗಳು ಎಣಿಸಿ ಚೀಟಿಯಲ್ಲಿ ಬರೆದುಕೊಂಡಳು. "ಅಮ್ಮ, ಟ್ವೆಂಟಿ ಒನ್. ಸಾಹೇಬ್ ಅಂಕಲ್, ಟ್ವೆಲ್ವ್. ಅಪ್ಪ, ಇಲೆವೆನ್." ಆಮೇಲೆ ನನ್ನ ಬೆನ್ನು ತಟ್ಟಿ, "ಯು ಕೇಮ್ ಥರ್ಡ್, ಅಪ್ಪ. ಯು ಆರ್ ಗ್ರ್ಯಾಂಡ್" ಎಂದು ಇಲ್ಲಿಯವರ ಧಾಟಿಯಲ್ಲಿ ಸಮಾಧಾನ ಹೇಳಿದಳು. ನಿಂತಿದ್ದದ್ದೇ ಮೂವರು. ಸಾಹೇಬರು ನನ್ನನ್ನು ದಾಟಿದ್ದು ನಾನೇ ಹಾಕಿದ ಒಂದು ವೋಟಿನಿಂದ.

ಅಷ್ಟರಲ್ಲಿ ಸಾಹೇಬರ ಫೋನ್ ಬಂತು. ಮಗಳು ಸ್ಪೀಕರ್‌ಗೆ ಹಾಕಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಎರಡೂ ವೋಟು ನಿಮ್ಮಿಬ್ಬರಿಗೇ ಹಾಕೀನ್ರಿ. ತನಗ ತಾನ ಹಾಕ್ಕೊಳ್ಳೋದು ಛಲೋ ಅಲ್ಲ ನೋಡ್ರಿ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅದು ಸಾಲದೆಂಬಂತೆ ಹೆಂಡತಿ ಮಗಳ ಕೈಯಿಂದ ಚೀಟಿ ತೆಗೆದುಕೊಂಡಳು.

"ವೋಟ್ ಹಾಕಿದೋರು ಇಪ್ಪತ್ತೆರಡು ಜನ. ನಂಗೆ ಬಂದಿದ್ದು ಇಪ್ಪತ್ತೊಂದು. ಸಾಹೇಬ್ರೇ ನಂಗೆ ಹಾಕಿದಾರೆ. ಹಾಕ್ದೇ ಇರೋ ಆ ಒಬ್ರು ಯಾರ್ರೀ?"

ನಾನು ಇಸ್ತ್ರಿ ಮಾಡಿದ ಜಾಕೆಟ್ ಹಾಕಿಕೊಂಡು, ಒಂದು ವಾಕ್ ಹೋಗಿ ಬರ್ತೀನಿ ಎಂದು ಬಾಗಿಲು ತೆಗೆದೆ.

"ಹೋಗ್ಬನ್ನಿ" ಎಂದಳು ಅಧ್ಯಕ್ಷೆ. "ಎಷ್ಟು ಹೋದ್ರೂ ಐದೇ ಕಿಲೋಮೀಟರ್."